ಭಾಷೆಯೂ ಅಲ್ಲಾಹನ ನಿದರ್ಶನ: ಕುರ್ದ್ ಜನತೆಯ ಇತಿಹಾಸ ಮತ್ತು ನಾವು

ಯಾದಗಿರಿ, ಶಹಾಪುರ, ಸುರಪುರಗಳ ಯಾವ ಮೊಹಲ್ಲಾದಲ್ಲಾದರೂ ನಿಂತು ‘ಸಲಾಹುದ್ದೀನ್’ ಎಂದು ಕರೆಯಿರಿ, ಓಗೊಡುವವನೊಬ್ಬ ಇದ್ದೇ ಇರುತ್ತಾನೆ. 1187ರಲ್ಲಿ ಬೈತುಲ್ ಮುಖದ್ದಸನ್ನು ಕ್ರೂಸೇಡರ ಕೈಯಿಂದ ಬಿಡಿಸಿದ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಹೆಸರು ನಮ್ಮಲ್ಲಿ ಅಷ್ಟು ಪ್ರಿಯವಾದುದು. ಗೆದ್ದ ದಿನ ಆತ ಸೋತವರ ರಕ್ತ ಹರಿಸಲಿಲ್ಲ, ಬಿಡುಗಡೆಯ ಹಣ ತೆರಲಾರದ ಎಷ್ಟೋ ಬಡ ಕ್ರೈಸ್ತರನ್ನು ಹಾಗೆಯೇ ಕಳುಹಿಸಿಕೊಟ್ಟ ಎಂಬುದನ್ನು ನಮ್ಮ ಭಾಷಣಕಾರರು ಅಭಿಮಾನದಿಂದ ಹೇಳುತ್ತಾರೆ. ಆದರೆ ಆತ ಯಾವ ಜನಾಂಗದವನೆಂದು ಕೇಳಿ ನೋಡಿ. ಅರಬನೆನ್ನುವವರು ಬಹಳ, ತುರ್ಕನೆನ್ನುವವರು ಕೆಲವರು. ಆತ ಕುರ್ದ್ ಮನೆತನದವನು. 1137-38ರ ಸುಮಾರಿಗೆ ಇರಾಕಿನ ತಿಕ್ರೀತ್ ಪಟ್ಟಣದಲ್ಲಿ ಹುಟ್ಟಿದವನು. ತಂದೆ ಅಯ್ಯೂಬ್, ಚಿಕ್ಕಪ್ಪ ಶೀರ್‌ಕೂಹ್ ಇಬ್ಬರೂ ಕುರ್ದ್ ಸೇನಾನಿಗಳು.

ಆತನ ಜನಾಂಗವನ್ನು ತಿಳಿದುಕೊಳ್ಳುವ ಅಗತ್ಯವಾದರೂ ಏನು, ಮುಸ್ಲಿಮನಾಗಿದ್ದನಲ್ಲ, ಅಷ್ಟು ಸಾಲದೇ ಎಂದು ಕೆಲವರು ಕೇಳಬಹುದು. ಕೇಳಲು ಇದು ಧಾರ್ಮಿಕ ಮಾತಿನಂತೆಯೇ ಇದೆ. ಆದರೆ ಇದೇ ಮಾತನ್ನು ಮುಂದೆ ಮಾಡಿಕೊಂಡು ಒಂದು ಇಡೀ ಜನತೆಯ ನಾಲಗೆಯನ್ನು ಕಟ್ಟಿಹಾಕಿದ ಚರಿತ್ರೆ ನಮ್ಮ ಕಣ್ಣೆದುರಿಗಿದೆ. ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ಏನು ಕಲಿಸುತ್ತದೆ ನೋಡಿ. ಅರ್ರೂಮ್ ಅಧ್ಯಾಯದ 22ನೆಯ ಸೂಕ್ತದಲ್ಲಿ ಆಕಾಶ ಭೂಮಿಗಳ ಸೃಷ್ಟಿಯ ಜೊತೆಗೇ ಮನುಷ್ಯರ ಭಾಷೆಗಳ ಮತ್ತು ಬಣ್ಣಗಳ ಭೇದವನ್ನೂ ಅಲ್ಲಾಹನು ತನ್ನ ನಿದರ್ಶನಗಳಲ್ಲಿ ಎಣಿಸಿದ್ದಾನೆ. ಅಲ್‌ಹುಜುರಾತ್ ಅಧ್ಯಾಯದ 13ನೆಯ ಸೂಕ್ತದಲ್ಲಿ ಜನಾಂಗ, ಗೋತ್ರಗಳನ್ನು ಮಾಡಿದ್ದರ ಉದ್ದೇಶವನ್ನು ತಿಳಿಸುತ್ತಾ, ಅದು ಪರಸ್ಪರ ಗುರುತಿಸುವುದಕ್ಕಾಗಿ, ಶ್ರೇಷ್ಠತೆಯಾದರೋ ಧರ್ಮನಿಷ್ಠೆಗೆ ಮಾತ್ರ ಎಂದು ಸ್ಪಷ್ಟಪಡಿಸಲಾಗಿದೆ. ಗುರುತಿಸಬೇಕಾದುದನ್ನು ಅಳಿಸಿಹಾಕಿದರೆ ಗುರುತಿಸುವುದಾದರೂ ಹೇಗೆ?

ಯಾರು ಈ ಕುರ್ದರು?

ತುರ್ಕಿ, ಇರಾನ್, ಇರಾಕ್, ಸಿರಿಯಾ ಈ ನಾಲ್ಕು ದೇಶಗಳು ಕೂಡುವ ಗುಡ್ಡಗಾಡಿನಲ್ಲಿ ಹರಡಿಕೊಂಡಿರುವ ಜನ ಇವರು. ಒಟ್ಟು ಸಂಖ್ಯೆ 3 ಕೋಟಿಯಿಂದ 4 ಕೋಟಿ ಎಂಬುದು ಸಾಮಾನ್ಯ ಅಂದಾಜು. ತಮ್ಮದೇ ಒಂದು ರಾಷ್ಟ್ರವಿಲ್ಲದ ಬಹುದೊಡ್ಡ ಜನಾಂಗಗಳಲ್ಲಿ ಒಂದು. ಇವರ ಭಾಷೆ ಅರಬಿಗಾಗಲಿ ತುರ್ಕಿಗಾಗಲಿ ಸೇರಿದ್ದಲ್ಲ, ಫಾರ್ಸಿಯ ಬಳಗದ್ದು. ಉತ್ತರದವರ ಕುರ್ಮಾಂಜಿ, ಮಧ್ಯಭಾಗದವರ ಸೋರಾನಿ ಎಂಬ ಎರಡು ಮುಖ್ಯ ರೂಪಗಳಿವೆ. ಮೊದಲನೆಯದನ್ನು ಇಂದು ಹೆಚ್ಚಾಗಿ ಲ್ಯಾಟಿನ್ ಲಿಪಿಯಲ್ಲಿ, ಎರಡನೆಯದನ್ನು ಅರಬಿ ಲಿಪಿಯಲ್ಲಿ ಬರೆಯುತ್ತಾರೆ. ಹುಬ್ಬಳ್ಳಿ ಕಡೆಯ ಮಾತು ಮಂಗಳೂರಿನವರಿಗೆ ವಿಚಿತ್ರವಾಗಿ ಕೇಳಿಸುತ್ತದೆಂದು ನಾವು ನಗಾಡುತ್ತೇವೆ. ಕುರ್ದರ ಕಷ್ಟ ಅದಕ್ಕಿಂತ ದೊಡ್ಡದು, ಒಂದು ಕಡೆಯವರು ಬರೆದುದನ್ನು ಇನ್ನೊಂದು ಕಡೆಯ ಸಾಮಾನ್ಯರು ಓದಲಾರರು.

ಕುರ್ದರಲ್ಲಿ ಹೆಚ್ಚಿನವರು ಸುನ್ನಿಗಳು. ಅದರಲ್ಲೂ ಶಾಫಿಈ ಮದ್‌ಹಬನ್ನು ಅನುಸರಿಸುವವರು, ಅಂದರೆ ನಮ್ಮ ಕರಾವಳಿಯ ಬ್ಯಾರಿಗಳಂತೆ, ಭಟ್ಕಳದ ನವಾಯತರಂತೆ. ಅವರ ನೆರೆಯ ತುರ್ಕರು, ಯಾದಗಿರಿ ಕಡೆಯ ನಮ್ಮ ಜನರಂತೆ, ಹನಫಿಗಳು. ಕುರ್ದರಲ್ಲಿ ಶಿಯಾಗಳೂ ಅಲೆವಿಗಳೂ ಇದ್ದಾರೆ. ಕುರ್ದ್ ಭಾಷೆಯನ್ನೇ ಆಡುವ ಯಜೀದಿಗಳ ಧರ್ಮ ಮಾತ್ರ ಬೇರೆಯೇ.

ನಮ್ಮ ಮದ್ರಸಾಗಳ ಸನದಿನಲ್ಲಿ

ಈ ಜನಕ್ಕೂ ನಮಗೂ ಏನು ನಂಟು ಎನ್ನುವವರು ನಮ್ಮ ಮದ್ರಸಾಗಳ ಹದೀಸ್ ಸನದನ್ನು ಒಮ್ಮೆ ಓದಲಿ. ಭಾರತದ ಬಹುಪಾಲು ಮದ್ರಸಾಗಳ ಸನದು ದೆಹಲಿಯ ಶಾಹ್ ವಲೀಯುಲ್ಲಾಹ್‌ರ (1703-1762) ಮೂಲಕ ಹಾದುಹೋಗುತ್ತದೆ. ಶಾಹ್ ಸಾಹೇಬರು ಹಜ್ಜಿಗೆ ಹೋದವರು ಮದೀನಾದಲ್ಲಿ ಹದೀಸ್ ಕಲಿತದ್ದು ಶೇಖ್ ಅಬೂ ತಾಹಿರ್ ಅಲ್‌ಕುರ್ದಿಯವರಿಂದ. ಅಬೂ ತಾಹಿರರ ತಂದೆ ಇಬ್ರಾಹೀಮ್ ಅಲ್‌ಕೂರಾನಿ (1616-1690) ಕುರ್ದಿಸ್ತಾನದ ಬೆಟ್ಟಗಳಿಂದ ಮದೀನಾಕ್ಕೆ ಬಂದು ನೆಲೆಸಿದ ಮಹಾ ವಿದ್ವಾಂಸರು. ಹೀಗೆ ನಮ್ಮೂರಿನ ಆಲಿಮರೊಬ್ಬರು ಬುಖಾರಿಯ ಪಾಠ ಹೇಳುವಾಗ ನಡುವೆ ಒಬ್ಬ ಕುರ್ದ್ ಗುರುವಿನ ಹೆಸರು ಬಂದುಹೋಗುತ್ತದೆ. ಕೇಳುವವರು ಅದನ್ನು ಗಮನಿಸುವುದಿಲ್ಲ, ಅಷ್ಟೇ.

ಈ ಸಾಲ ನಾವು ತೀರಿಸಿದ್ದೂ ಉಂಟು. ಸುಲೈಮಾನಿಯಾ ಕಡೆಯ ಮೌಲಾನಾ ಖಾಲಿದ್ ಎಂಬ ಕುರ್ದ್ ವಿದ್ವಾಂಸ 1810ರ ಆಸುಪಾಸಿನಲ್ಲಿ ದೆಹಲಿಗೆ ಬಂದು ಶಾಹ್ ಗುಲಾಮ್ ಅಲಿಯವರ ಬಳಿ ನಖ್ಶಬಂದಿ ಮಾರ್ಗದ ಶಿಕ್ಷಣ ಪಡೆದು ಮರಳಿದರು. ಅವರಿಂದ ಅದು ಕುರ್ದಿಸ್ತಾನದಾದ್ಯಂತ ಹಬ್ಬಿತು. ಮುಂದೆ ಆ ನಾಡಿನ ಧಾರ್ಮಿಕ ಜೀವನವನ್ನೂ ರಾಜಕೀಯವನ್ನೂ ರೂಪಿಸಿದ ಶೇಖರುಗಳಲ್ಲಿ ಬಹಳ ಮಂದಿ ಈ ಖಾಲಿದಿ ಶಾಖೆಯವರೇ.

ಕುರ್ದರ ಮದ್ರಸಾಗಳ ವಿಶೇಷವೊಂದನ್ನು ಇಲ್ಲಿ ಹೇಳಲೇಬೇಕು. ಕಿತಾಬು ಅರಬಿಯದು, ವಿವರಣೆ ಮಾತ್ರ ಕುರ್ದಿಯಲ್ಲಿ. ವಿದ್ಯಾರ್ಥಿಗಳು ಒಬ್ಬ ಮುಲ್ಲಾನಿಂದ ಇನ್ನೊಬ್ಬ ಮುಲ್ಲಾನ ಹಳ್ಳಿಗೆ ಅಲೆಯುತ್ತಾ, ಊರವರು ಕೊಟ್ಟ ರೊಟ್ಟಿ ತಿಂದು ಕಲಿಯುತ್ತಿದ್ದರು. ಪ್ರವಾದಿವರ್ಯರ(ಸ) ಜನನದ ವೃತ್ತಾಂತವನ್ನು ಮುಲ್ಲಾ ಬಾತೇಯಿ ಎಂಬವರು ಕುರ್ಮಾಂಜಿಯಲ್ಲಿ ಪದ್ಯ ಮಾಡಿಟ್ಟರು, ಅದು ಇಂದಿಗೂ ಮನೆಮನೆಗಳಲ್ಲಿ ಓದಲ್ಪಡುತ್ತದೆ. ಶಾಲೆಯೂ ಅಚ್ಚುಕೂಟವೂ ಇಲ್ಲದ ಕಾಲದಲ್ಲಿ ಆ ಭಾಷೆಯನ್ನು ಉಳಿಸಿದ್ದರಲ್ಲಿ ಧರ್ಮ ಬೋಧಕರ ಪಾಲು ದೊಡ್ಡದು.

ಖಿಲಾಫತ್ತಿನ ನಂತರ

1639ರಲ್ಲಿ ಉಸ್ಮಾನಿ ಮತ್ತು ಸಫವಿ ರಾಜ್ಯಗಳು ಒಪ್ಪಂದ ಮಾಡಿಕೊಂಡಾಗ ಕುರ್ದರ ನಾಡು ಎರಡಾಗಿ ಹೋಯಿತು. ಮೊದಲನೆಯ ಮಹಾಯುದ್ಧದ ನಂತರ 1920ರ ಸೆವ್ರ್ ಒಪ್ಪಂದದಲ್ಲಿ ಅವರಿಗೆ ಸ್ವಾಯತ್ತತೆಯ ಭರವಸೆ ಕೊಡಲಾಯಿತು. 1923ರ ಲೊಸಾನ್ ಒಪ್ಪಂದದಲ್ಲಿ ಅದರ ಮಾತೇ ಇರಲಿಲ್ಲ. ಅದೇ ವರ್ಷಗಳಲ್ಲಿ ನಮ್ಮ ಹಿರಿಯರು ಖಿಲಾಫತ್ ಚಳುವಳಿಗಾಗಿ ಜೈಲು ಸೇರುತ್ತಿದ್ದರು, ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಡುತ್ತಿದ್ದರು. ಖಲೀಫನ ಸೈನ್ಯದಲ್ಲಿ ಹೋರಾಡಿದ ಕುರ್ದರಿಗೆ ಏನಾಯಿತೆಂದು ಇಲ್ಲಿ ಕೇಳಿದವರು ಕಡಿಮೆ.

1924ರ ಮಾರ್ಚ್ 3ರಂದು ಅಂಕಾರಾದ ಸಂಸತ್ತು ಖಿಲಾಫತ್ತನ್ನು ರದ್ದುಗೊಳಿಸಿತು. ಅದೇ ದಿನದ ಇನ್ನೊಂದು ಕಾನೂನು ಶಿಕ್ಷಣವನ್ನೆಲ್ಲ ಸರಕಾರದ ಕೈಗೆ ತಂದಿತು. ಮದ್ರಸಾಗಳು ಮುಚ್ಚಿದವು. ತುರ್ಕರಿಗೆ ಅದರಿಂದ ಮದ್ರಸಾ ಮಾತ್ರ ಹೋಯಿತು. ಕುರ್ದರಿಗೆ ಮದ್ರಸಾದ ಜೊತೆ ತಾಯ್ನುಡಿಯ ಏಕೈಕ ಪಾಠಶಾಲೆಯೂ ಹೋಯಿತು. 1925ರಲ್ಲಿ ನಖ್ಶಬಂದಿ ಶೇಖ್ ಸಯೀದ್ ದಂಗೆಯೆದ್ದರು, ಆ ವರ್ಷದ ಜೂನಿನಲ್ಲಿ ದಿಯಾರ್‌ಬಕಿರ್‌ನಲ್ಲಿ ಸಂಗಡಿಗರೊಂದಿಗೆ ಗಲ್ಲಿಗೇರಿದರು. ಆಮೇಲೆ ದಶಕಗಳ ಕಾಲ ‘ಕುರ್ದ್’ ಎಂಬ ಶಬ್ದವೇ ಅಪರಾಧವಾಯಿತು. ಅವರು ತಮ್ಮ ಮೂಲವನ್ನು ಮರೆತ ‘ಬೆಟ್ಟದ ತುರ್ಕರು’ ಎಂಬ ಸಿದ್ಧಾಂತವನ್ನು ಪ್ರಚಾರ ಮಾಡಲಾಯಿತು. ಊರುಗಳ ಹೆಸರು ಬದಲಾದವು. 1983ರ ಒಂದು ಕಾನೂನು ಕುರ್ದಿಯಲ್ಲಿ ಪ್ರಕಟಣೆಯನ್ನು ನಿಷೇಧಿಸಿತು, ಅದು ರದ್ದಾದುದು 1991ರಲ್ಲಿ.

ಈ ಕಾಲದ ಒಬ್ಬರ ಬದುಕು ವಿಶೇಷವಾಗಿ ಗಮನಿಸತಕ್ಕದ್ದು. ರಿಸಾಲೆ ನೂರ್ ಬರಹಗಳ ಕರ್ತೃ ಬದೀಉಝ್ಝಮಾನ್ ಸಯೀದ್ ನೂರ್ಸಿ ಕುರ್ದರು, ಬಿತ್ಲಿಸ್ ಪ್ರಾಂತದ ನೂರ್ಸ್ ಎಂಬ ಹಳ್ಳಿಯವರು. 1907ರಲ್ಲಿ ಅವರು ಇಸ್ತಾಂಬುಲ್‌ಗೆ ಹೋಗಿ, ಪೂರ್ವ ಪ್ರಾಂತಗಳಲ್ಲಿ ಒಂದು ದೊಡ್ಡ ವಿದ್ಯಾಲಯ ಬೇಕು, ಅಲ್ಲಿ ಧರ್ಮಜ್ಞಾನವನ್ನೂ ಆಧುನಿಕ ವಿಜ್ಞಾನವನ್ನೂ ಒಟ್ಟಿಗೆ ಕಲಿಸಬೇಕು, ಅರಬಿ, ತುರ್ಕಿ, ಕುರ್ದಿ ಮೂರು ಭಾಷೆಗಳಿಗೂ ಸ್ಥಾನವಿರಬೇಕು ಎಂದು ಮನವಿ ಮಾಡಿದರು. ಶೇಖ್ ಸಯೀದರ ದಂಗೆಯಲ್ಲಿ ಅವರು ಸೇರಲಿಲ್ಲ, ಮುಸ್ಲಿಮರು ಮುಸ್ಲಿಮರ ಮೇಲೆ ಖಡ್ಗ ಎತ್ತುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಆದರೂ ಗಡೀಪಾರು ತಪ್ಪಲಿಲ್ಲ. 1960ರ ಮಾರ್ಚಿನಲ್ಲಿ ಉರ್ಫಾದಲ್ಲಿ ತೀರಿಕೊಂಡರು. ಕೆಲವೇ ತಿಂಗಳಲ್ಲಿ ಸೈನಿಕ ಆಡಳಿತವು ಅವರ ಗೋರಿಯನ್ನು ಒಡೆಸಿ ದೇಹವನ್ನು ಗುರುತಿಲ್ಲದ ಜಾಗಕ್ಕೆ ಸಾಗಿಸಿತು.

ಅನ್ಫಾಲ್ ಎಂಬ ಹೆಸರು

ತುರ್ಕಿಯದು ಧರ್ಮವನ್ನೇ ದೂರವಿಟ್ಟ ಸರಕಾರವಾಗಿತ್ತು, ಅದಕ್ಕೇ ಹೀಗಾಯಿತು ಎಂದು ಸಮಾಧಾನ ಪಟ್ಟುಕೊಳ್ಳುವವರಿದ್ದಾರೆ. ಹಾಗಾದರೆ ಇರಾಕಿನಲ್ಲಿ ನಡೆದುದಕ್ಕೆ ಏನೆನ್ನುವುದು?

ಅಲ್‌ಅನ್ಫಾಲ್ ಕುರ್‌ಆನಿನ ಎಂಟನೆಯ ಅಧ್ಯಾಯ. ಬದ್ರ್ ಯುದ್ಧದ ಹಿನ್ನೆಲೆಯಲ್ಲಿ ಅವತೀರ್ಣವಾದುದು. 1988ರಲ್ಲಿ ಸದ್ದಾಮ್ ಹುಸೇನನ ಆಡಳಿತವು ತನ್ನ ದೇಶದ್ದೇ ಕುರ್ದ್ ಪ್ರಜೆಗಳ ಮೇಲೆ ನಡೆಸಿದ ಸೈನಿಕ ಕಾರ್ಯಾಚರಣೆಗೆ ಇಟ್ಟ ಹೆಸರು ಇದೇ. ಆ ವರ್ಷದ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಸಾವಿರಾರು ಹಳ್ಳಿಗಳನ್ನು ನೆಲಸಮ ಮಾಡಲಾಯಿತು. ಗಂಡಸರನ್ನು, ಹುಡುಗರನ್ನು, ಕೆಲವು ಕಡೆ ಹೆಂಗಸರು ಮಕ್ಕಳನ್ನೂ ಲಾರಿಗಳಲ್ಲಿ ಒಯ್ದು ಮರುಭೂಮಿಯ ಗುಂಡಿಗಳ ಬಳಿ ಗುಂಡಿಟ್ಟು ಕೊಲ್ಲಲಾಯಿತು. ಸತ್ತವರು 50 ಸಾವಿರದಿಂದ 1 ಲಕ್ಷ ಎಂದು ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ ಅಂದಾಜು ಮಾಡಿದೆ. ಕುರ್ದರು ಹೇಳುವ ಸಂಖ್ಯೆ 1,82,000. ಆ ವರ್ಷವೇ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ವಿಷಾನಿಲದ ಬಾಂಬು ಬಿತ್ತು. ಸುಮಾರು 5,000 ಮಂದಿ ಬಿದ್ದಲ್ಲಿಯೇ ಸತ್ತರು. ಕೂಸನ್ನು ಅಪ್ಪಿಕೊಂಡು ಮನೆಯ ಬಾಗಿಲಲ್ಲೇ ಅಸುನೀಗಿದವರ ಚಿತ್ರವನ್ನು ಜಗತ್ತು ಕಂಡಿದೆ. ಆ ಮನೆಯಲ್ಲೂ ನಮಾಝಿನ ಚಾಪೆ ಇತ್ತು, ಕುರ್‌ಆನ್ ಇತ್ತು.

ಸದ್ದಾಮ್ ಹುಟ್ಟಿದ್ದು ತಿಕ್ರೀತ್ ಬಳಿಯ ಹಳ್ಳಿಯಲ್ಲಿ. ತಾನು ಎರಡನೆಯ ಸಲಾಹುದ್ದೀನ್ ಎಂದು ಬಿಂಬಿಸಿಕೊಳ್ಳುವುದು ಆತನಿಗೆ ಬಹಳ ಇಷ್ಟವಾಗಿತ್ತು. ಸಲಾಹುದ್ದೀನನ ಕುಲದವರನ್ನೇ ಕೊಂದು ಸಲಾಹುದ್ದೀನನ ಕಿರೀಟ ತೊಡಲು ಹೊರಟವನು!

ಮುಸ್ಲಿಮ್ ದೇಶಗಳ ಸರಕಾರಗಳಲ್ಲಿ ಹೆಚ್ಚಿನವು ಅಂದು ತುಟಿ ಬಿಚ್ಚಲಿಲ್ಲ. ಇರಾನ್ ಮಾತಾಡಿತು, ಅದು ಸದ್ದಾಮನೊಡನೆ ಯುದ್ಧದಲ್ಲಿತ್ತು. ಪಾಶ್ಚಾತ್ಯ ಸರಕಾರಗಳಿಗೂ ಆಗ ಸದ್ದಾಮ್ ಬೇಕಾದವನೇ. ಎರಡು ವರ್ಷ ಕಳೆದು ಆತ ಕುವೈತಿಗೆ ನುಗ್ಗಿ ಅಮೆರಿಕಕ್ಕೆ ಎದುರು ನಿಂತಾಗ ನಮ್ಮ ದೇಶದಲ್ಲಿ ಆತನ ಚಿತ್ರಗಳು ಗೋಡೆಗೇರಿದವು. 1990-91ರ ಸುಮಾರಿಗೆ ಹುಟ್ಟಿದ ಎಷ್ಟೋ ಮಕ್ಕಳಿಗೆ ಸದ್ದಾಮ್ ಹುಸೇನ್ ಎಂದೇ ಹೆಸರಾಯಿತು. ಆ ತಂದೆತಾಯಿಗಳಿಗೆ ಹಲಬ್ಜಾದ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. ಮುಟ್ಟಿಸಬೇಕಾದ ಕರ್ತವ್ಯವಿದ್ದುದು ಬರೆಯುವವರಿಗೆ, ಭಾಷಣ ಮಾಡುವವರಿಗೆ.

ತನ್ನ ಜನರನ್ನು ಪ್ರೀತಿಸುವುದು ಅಸಬಿಯತ್ ಆಗುತ್ತದೆಯೇ ಎಂದು ಪ್ರವಾದಿವರ್ಯರಲ್ಲಿ(ಸ) ಕೇಳಲಾಗಿತ್ತು. ಇಲ್ಲ, ಅನ್ಯಾಯದಲ್ಲಿ ತನ್ನವರ ಬೆನ್ನಿಗೆ ನಿಲ್ಲುವುದೇ ಅಸಬಿಯತ್ ಎಂಬರ್ಥದ ಉತ್ತರ ಅವರಿಂದ ಬಂತು. ಈ ಹದೀಸನ್ನು ನಾವು ಸಾಮಾನ್ಯವಾಗಿ ಜಾತಿ, ಗೋತ್ರಗಳ ಹಮ್ಮಿಗೆ ಅನ್ವಯಿಸುತ್ತೇವೆ. ‘ಆತ ನಮ್ಮ ಧರ್ಮದವನು, ಬಿಡಿ’ ಎಂದು ಕೊಲೆಗಡುಕನ ವಿಷಯದಲ್ಲಿ ಬಾಯಿ ಮುಚ್ಚುವುದಕ್ಕೂ ಇದು ಅನ್ವಯಿಸುತ್ತದಲ್ಲವೇ? ಅಕ್ರಮಿಯಾದ ಸಹೋದರನಿಗೂ ಸಹಾಯ ಮಾಡಬೇಕು, ಆ ಸಹಾಯವೆಂದರೆ ಅವನ ಕೈ ಹಿಡಿದು ಅಕ್ರಮದಿಂದ ತಡೆಯುವುದು ಎಂಬ ಬೋಧನೆಯೂ ಬುಖಾರಿಯಲ್ಲಿದೆ.

ಹಾಗೆಂದು ಕುರ್ದರೆಲ್ಲರೂ ಸಾಧುಗಳೆಂದು ತಿಳಿಯಬೇಕಿಲ್ಲ. 1915ರಲ್ಲಿ ಆರ್ಮೇನಿಯನ್ ಕ್ರೈಸ್ತರ ಹತ್ಯಾಕಾಂಡದಲ್ಲಿ ಕುರ್ದ್ ಬುಡಕಟ್ಟುಗಳ ಪಾಲೂ ಇತ್ತು. ಇರಾಕಿನಲ್ಲಿ ಸ್ವಂತ ಆಡಳಿತ ಕೈಗೆ ಬಂದ ಎರಡೇ ವರ್ಷಕ್ಕೆ, 1994ರಲ್ಲಿ, ಬರ್ಝಾನಿ ಮತ್ತು ತಾಲಬಾನಿಯವರ ಪಕ್ಷಗಳು ಒಂದನ್ನೊಂದು ಕೊಲ್ಲತೊಡಗಿದವು, 1998ರವರೆಗೆ ಅದು ನಿಲ್ಲಲಿಲ್ಲ. ತುರ್ಕಿಯಲ್ಲಿ ಪಿ.ಕೆ.ಕೆ. ಎಂಬ ಎಡಪಂಥೀಯ ಸಂಘಟನೆ 1984ರಲ್ಲಿ ಆರಂಭಿಸಿದ ಸಶಸ್ತ್ರ ಹೋರಾಟದಲ್ಲಿ ಎರಡೂ ಕಡೆ ಸೇರಿ ಸುಮಾರು 40,000 ಜೀವಗಳು ಹೋದವು. ಅದರ ಕೈಯಲ್ಲಿ ಸತ್ತವರಲ್ಲಿ ಕುರ್ದರೇ ಆದ ಹಳ್ಳಿಗರೂ ಶಾಲಾ ಮಾಸ್ತರರೂ ಇದ್ದರು. 2025ರ ಮೇ ತಿಂಗಳಲ್ಲಿ ಆ ಸಂಘಟನೆ ತನ್ನನ್ನು ವಿಸರ್ಜಿಸುವುದಾಗಿ ಘೋಷಿಸಿತು. ಅಷ್ಟರಲ್ಲಿ, 2009ರಿಂದ, ತುರ್ಕಿಯ ಸರಕಾರಿ ದೂರದರ್ಶನವೇ ಕುರ್ದಿ ವಾಹಿನಿ ನಡೆಸುತ್ತಿತ್ತು. ಇರಾಕಿನಲ್ಲಿ 2005ರ ಸಂವಿಧಾನ ಅರಬಿಯ ಜೊತೆ ಕುರ್ದಿಯನ್ನೂ ಅಧಿಕೃತ ಭಾಷೆ ಮಾಡಿತ್ತು.

ಪರದೇಶದಲ್ಲಿರುವ ಕುರ್ದರ ಕಥೆ ಇನ್ನೂ ವಿಚಿತ್ರ. 1961ರ ಒಪ್ಪಂದದಂತೆ ತುರ್ಕಿಯಿಂದ ಜರ್ಮನಿಗೆ ಕೂಲಿಗೆ ಹೋದವರಲ್ಲಿ ಕುರ್ದರು ಬಹಳ ಮಂದಿ ಇದ್ದರು. ಕಾಗದಪತ್ರದಲ್ಲಿ ಅವರೆಲ್ಲ ತುರ್ಕರು. ತಾನು ಕುರ್ದ್ ಎಂದು ಬಾಯಿಬಿಟ್ಟು ಹೇಳಲು ಎಷ್ಟೋ ಮಂದಿಗೆ ಧೈರ್ಯ ಬಂದದ್ದು ಆ ಪರಕೀಯ ನಾಡಿನಲ್ಲಿ. ಊರಿನಲ್ಲಿ ಅಚ್ಚು ಹಾಕಲಾಗದ ಪುಸ್ತಕ ಸ್ವೀಡನ್ನಿನಲ್ಲಿ ಅಚ್ಚಾಯಿತು. 1983ರಲ್ಲಿ ಪ್ಯಾರಿಸ್ಸಿನಲ್ಲಿ ಕುರ್ದ್ ಸಂಸ್ಥೆ ಹುಟ್ಟಿತು. 1995ರಲ್ಲಿ ಯೂರೋಪಿನಿಂದ ಉಪಗ್ರಹದ ಮೂಲಕ ಮೊದಲ ಕುರ್ದಿ ಟಿ.ವಿ. ಪ್ರಸಾರವಾದಾಗ ಕುರ್ದಿಸ್ತಾನದ ಹಳ್ಳಿಗಳ ಮಾಳಿಗೆಯ ಮೇಲೆ ಡಿಶ್‌ಗಳು ಎದ್ದವು. ಮುಸ್ಲಿಮರ ಭಾಷೆಯೊಂದಕ್ಕೆ ಮುಸ್ಲಿಮ್ ನಾಡಿನಲ್ಲಿ ಸಿಗದ ನೆರಳು ಅನ್ಯರ ನಾಡಿನಲ್ಲಿ ಸಿಕ್ಕಿತು.

ಗೋಗಿಯ ಗೋರಿಗಳು

ದೂರದವರ ಲೆಕ್ಕ ನೋಡಿದ ಮೇಲೆ ನಮ್ಮ ಮನೆಯ ಲೆಕ್ಕವನ್ನೂ ತೆಗೆಯಬೇಕಲ್ಲವೇ? ಶಹಾಪುರ ತಾಲೂಕಿನ ಗೋಗಿಗೆ ಹೋದವರು ಹಜ್ರತ್ ಚಂದಾ ಹುಸೇನಿಯವರ ದರ್ಗಾದ ಬಳಿ ವಿಜಾಪುರದ ಮೊದಲ ಆದಿಲ್‌ಶಾಹಿ ಸುಲ್ತಾನರ ಗೋರಿಗಳನ್ನು ನೋಡಿರುತ್ತಾರೆ. ಯೂಸುಫ್, ಅವನ ಮಗ ಇಸ್ಮಾಯಿಲ್, ಮೊಮ್ಮಗ ಒಂದನೆಯ ಇಬ್ರಾಹೀಮ್ ಅಲ್ಲಿ ಮಲಗಿದ್ದಾರೆ. ಇಸ್ಮಾಯಿಲನಿಗೆ ಫಾರ್ಸಿ, ತುರ್ಕಿ ಮಾತು, ಪರದೇಶದಿಂದ ಬಂದ ಸರದಾರರು ಎಂದರೆ ಪ್ರಾಣ. ದಖ್ಖನಿಗಳನ್ನು ಆತ ಹತ್ತಿರ ಸೇರಿಸುತ್ತಿರಲಿಲ್ಲ. 1534ರಲ್ಲಿ ಪಟ್ಟಕ್ಕೆ ಬಂದ ಇಬ್ರಾಹೀಮ್ ಅದನ್ನು ತಿರುವುಹಾಕಿದ. ಫಾರ್ಸಿಯಲ್ಲಿ ಇಡುತ್ತಿದ್ದ ಸರಕಾರಿ ಲೆಕ್ಕಪತ್ರಗಳನ್ನು ನಾಡಿನ ಭಾಷೆಗೆ ಬದಲಾಯಿಸಿ, ಬ್ರಾಹ್ಮಣ ಲೆಕ್ಕಿಗರನ್ನು ನೇಮಿಸಿದನೆಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಆದರೆ ಆತನೂ ಪರದೇಶದವರನ್ನು ಸಗಟಾಗಿ ನೌಕರಿಯಿಂದ ತೆಗೆದುಹಾಕಿದ. ಒಬ್ಬರಿಗೆ ನ್ಯಾಯ ಕೊಡುವಾಗ ಇನ್ನೊಬ್ಬರ ಅನ್ನ ಕಿತ್ತುಕೊಳ್ಳುವ ರೋಗ ಹಳೆಯದು.

ನಿಜಾಮರ ಕಾಲಕ್ಕೆ ಬನ್ನಿ. ಈ ಮೂರೂ ತಾಲೂಕುಗಳು ಆಗ ಗುಲಬರ್ಗಾ ಜಿಲ್ಲೆಯವು. 1880ರ ದಶಕದಲ್ಲಿ ಫಾರ್ಸಿ ಹೋಗಿ ಉರ್ದು ಸರಕಾರಿ ಭಾಷೆಯಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದುವಿನಲ್ಲೇ ಉನ್ನತ ಶಿಕ್ಷಣ ಕೊಡತೊಡಗಿದ್ದು ದೊಡ್ಡ ಸಾಧನೆಯೇ. ಆದರೆ ಆ ಸಂಸ್ಥಾನದ ಬಹುಪಾಲು ಜನರ ಮಾತು ತೆಲುಗು, ಮರಾಠಿ, ಕನ್ನಡವಾಗಿತ್ತು. ಸುರಪುರದ ರೈತ ತನ್ನದೇ ಹೊಲದ ಕಾಗದ ಓದಿಸಿಕೊಳ್ಳಲು ಇನ್ನೊಬ್ಬರ ಬಾಗಿಲಿಗೆ ಹೋಗಬೇಕಿತ್ತು. ಕೊನೆಗೆ ರಜಾಕಾರರ ದೌರ್ಜನ್ಯ. 1948ರ ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯ ನಂತರ ಅದರ ಪ್ರತೀಕಾರ ಬಿದ್ದದ್ದು ರಜಾಕಾರರ ಮುಖವನ್ನೂ ಕಾಣದ ಬಡ ಮುಸ್ಲಿಮರ ಮೇಲೆ. ಪಂಡಿತ ಸುಂದರಲಾಲ್ ಮತ್ತು ಕಾಝಿ ಅಬ್ದುಲ್ ಗಫಾರ್ ಅವರ ವರದಿಯು ಸತ್ತವರನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿ, ಅತಿ ಹೆಚ್ಚು ಬಾಧಿತ ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸಿತು. ನಮ್ಮ ಮನೆಗಳಲ್ಲಿ ಎರಡನೆಯ ಕಥೆ ಹೇಳುತ್ತಾರೆ, ಪಕ್ಕದ ಓಣಿಯಲ್ಲಿ ಮೊದಲನೆಯದನ್ನು ಹೇಳುತ್ತಾರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಹಿರಿಯರು ಸಿಕ್ಕರೆ ಅವರ ಕಾಲ ಬಳಿ ಕುಳಿತು ಕೇಳಿ.

ಇನ್ನು ನಮ್ಮೊಳಗಿನ ಮಾತು. ಉತ್ತರ ಕರ್ನಾಟಕದ ಪಿಂಜಾರ, ನದಾಫ್ ಕುಟುಂಬಗಳಲ್ಲಿ ಹಲವರ ಮನೆಮಾತು ಕನ್ನಡ. ಮುಹರ್ರಮಿನಲ್ಲಿ ಈ ಭಾಗದ ಹಳ್ಳಿಗಳಲ್ಲಿ ಕರ್ಬಲಾದ ಕಥೆಯನ್ನು ರಿವಾಯತ್ ಪದಗಳಾಗಿ ಹಾಡುವುದೂ ಕನ್ನಡದಲ್ಲೇ. (ಅಲಾಯಿ ಆಚರಣೆಗಳ ಬಗ್ಗೆ ಧರ್ಮವಿದ್ವಾಂಸರ ಆಕ್ಷೇಪಣೆ ಬೇರೆಯ ವಿಷಯ, ಇಲ್ಲಿ ಹೇಳುತ್ತಿರುವುದು ಭಾಷೆಯ ಮಾತು.) ಹೀಗಿದ್ದೂ ಉರ್ದು ಬಾರದ ಮುಸ್ಲಿಮನನ್ನು ಅರ್ಧ ಮುಸ್ಲಿಮನಂತೆ ನೋಡುವವರು, ಅವನ ಉಚ್ಚಾರವನ್ನು ಅಣಕಿಸುವವರು, ಸಂಬಂಧ ಬೆಳೆಸಲು ಹಿಂಜರಿಯುವವರು ನಮ್ಮಲ್ಲಿಲ್ಲವೇ? ತಾಯಿಯ ಬಣ್ಣವನ್ನು ಹಿಡಿದು ಒಬ್ಬರನ್ನು ಮೂದಲಿಸಿದ ಹಜ್ರತ್ ಅಬೂ ಝರ್‌ರಿಗೆ(ರ), ನಿಮ್ಮಲ್ಲಿ ಇನ್ನೂ ಅಜ್ಞಾನಕಾಲದ ಗುಣ ಉಳಿದಿದೆಯೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದರು. ಬಣ್ಣವೂ ಭಾಷೆಯೂ ಒಂದೇ ಸೂಕ್ತದಲ್ಲಿ ಜೋಡಿಯಾಗಿ ಬಂದಿವೆ ಎಂಬುದನ್ನು ನೆನಪಿಡಿ. ಅದೇ ರೀತಿ, ಕನ್ನಡ ಬರುವ ಯುವಕರು ಮನೆಯ ಅಜ್ಜಿಯ ದಖ್ಖನಿಯನ್ನು ಕೇಳಿ ನಾಚಿಕೊಳ್ಳುವುದೂ ಅಷ್ಟೇ ಕೆಟ್ಟದ್ದು. ದುಡಿಯಲು ಬೆಂಗಳೂರಿಗೆ ಹೋದಾಗ ಆ ಎರಡೂ ಮಾತು ಅವರ ಹೊಟ್ಟೆಗೆ ಅನ್ನ ಹಾಕುತ್ತವೆ. ಜಿದ್ದಾ, ರಿಯಾದ್‌ಗಳಿಗೆ ಹೋದವರ ಅನುಭವವೂ ಇದೇ.

ಶುಕ್ರವಾರದ ಖುತ್ಬಾದ ಮುಂಚಿನ ಪ್ರವಚನ ಯಾವ ಭಾಷೆಯಲ್ಲಿರಬೇಕೆಂಬ ಚರ್ಚೆ ಹಳ್ಳಿಯ ಮಸೀದಿಗಳಲ್ಲಿ ಆಗಾಗ ಎದ್ದೇಳುತ್ತದೆ. ಇಬ್ರಾಹೀಮ್ ಅಧ್ಯಾಯದ 4ನೆಯ ಸೂಕ್ತದ ಪ್ರಕಾರ ಪ್ರತಿಯೊಬ್ಬ ಸಂದೇಶವಾಹಕರೂ ಬಂದದ್ದು ತಮ್ಮ ಜನರ ಭಾಷೆಯಲ್ಲಿ, ವಿಷಯ ಸ್ಪಷ್ಟವಾಗಲೆಂದು. ಮುಂದಿನ ಸಾಲಿನಲ್ಲಿ ಕುಳಿತ ಹತ್ತು ಜನರಿಗೆ ಉರ್ದು ತಿಳಿಯುತ್ತದೆ, ಹಿಂದಿನ ನಲವತ್ತು ಜನರಿಗೆ ಕನ್ನಡ ಮಾತ್ರ ತಿಳಿಯುತ್ತದೆ ಎಂದಿಟ್ಟುಕೊಳ್ಳಿ. ಅಂಥಲ್ಲಿ ಇಮಾಮರು ಹತ್ತು ನಿಮಿಷ ಕನ್ನಡದಲ್ಲಿ ಹೇಳಿದರೆ ಉರ್ದುವಿನ ಮರ್ಯಾದೆಗೆ ಏನು ಕುಂದು?

ಸಯೀದ್ ನೂರ್ಸಿಯವರ ಮೂರು ಭಾಷೆಗಳ ವಿದ್ಯಾಲಯಕ್ಕೆ ವಾನ್ ಸರೋವರದ ದಡದಲ್ಲಿ ಅಡಿಗಲ್ಲು ಬಿದ್ದಿತ್ತು. ಮಹಾಯುದ್ಧ ಬಂತು, ಗೋಡೆ ಏಳಲಿಲ್ಲ. ನಮ್ಮ ಮಕ್ಕಳು ಬೆಳಿಗ್ಗೆ ಮಕ್ತಬ್‌ನಲ್ಲಿ ಅರಬಿ ಮತ್ತು ಉರ್ದು ಓದಿ, ಚಹಾ ಕುಡಿದು, ಪಾಟೀಚೀಲ ಹಾಕಿಕೊಂಡು ಕನ್ನಡ ಶಾಲೆಗೆ ಓಡುತ್ತಾರೆ. ಮಕ್ತಬ್‌ನ ಹಲಗೆಯ ಮೇಲೆ ಅರಬಿಯ ಕೆಳಗೆ ಅದರ ಅರ್ಥವನ್ನು ಕನ್ನಡ ಅಕ್ಷರದಲ್ಲಿ ಬರೆಯಲು ಇಲ್ಲಿ ಯಾವ ಕಾನೂನೂ ಅಡ್ಡಿಯಿಲ್ಲ, ಸೀಮೆಸುಣ್ಣವೂ ಅಲ್ಲೇ ಇದೆ.